ಘಮೇಲಾದಲ್ಲಿ ಕವಳಾ: ಪಠಾರದ ಹಳದಿ ಹೂವನ್ನು ಟೆರೇಸ್ ಮೇಲೆ ಬೆಳೆಸುವುದು ಹೇಗೆ

ಮೊದಲ ವರ್ಷ ಪುಣೆಯ ನಮ್ಮ ಟೆರೇಸ್ ಮೇಲೆ ಕವಳಾ ಚೆನ್ನಾಗಿಯೇ ಮೊಳೆತಿತ್ತು. ಹದಿನಾಲ್ಕು ಸಸಿ, ಎಣಿಸಿಟ್ಟಿದ್ದೆ. ಜುಲೈನಲ್ಲಿ ಒಂದು ಶನಿವಾರ ಮನೆಗೆಲಸದ ಮಾವಶಿ, ಕುಂಡದ ತುಂಬಾ ಹುಲ್ಲು ಬೆಳೆದಿದೆ ಅಂತ ಎಲ್ಲವನ್ನೂ ಕಿತ್ತು, ಕುಂಡ ತೊಳೆದು, ಬೋರಲು ಹಾಕಿಬಿಟ್ಟಿದ್ದರು. ಅವರದೇನೂ ತಪ್ಪಿಲ್ಲ. ಹೂ ಬಿಡುವವರೆಗೆ ಇದು ಯಾರ ಕಣ್ಣಿಗೂ ಹುಲ್ಲೇ.

ಕವಳಾ ಅನ್ನುವುದು ಮರಾಠಿ ಹೆಸರು. ಸಸ್ಯಶಾಸ್ತ್ರದವರು ಸ್ಮಿತಿಯಾ ಹಿರ್ಸುಟಾ ಅನ್ನುತ್ತಾರೆ. 1788ರಲ್ಲಿ ಲಂಡನ್ನಿನಲ್ಲಿ ಲಿನಿಯನ್ ಸೊಸೈಟಿ ಕಟ್ಟಿದ ಜೇಮ್ಸ್ ಎಡ್ವರ್ಡ್ ಸ್ಮಿತ್ ಹೆಸರು ಅದಕ್ಕೆ ಅಂಟಿಕೊಂಡಿದೆ. ಸೆಪ್ಟೆಂಬರಿನಲ್ಲಿ ಸಾತಾರಾ ಹತ್ತಿರದ ಕಾಸ್ ಪಠಾರಕ್ಕೆ, ಅಂದರೆ ಪ್ರಸ್ಥಭೂಮಿಗೆ, ಹೋದವರು ಇದನ್ನು ನೋಡಿಯೇ ಇರುತ್ತೀರಿ. ಹಳದಿ ಹೂವು, ಮೇಲಿನ ಎಸಳಿನ ಮೇಲೆ ಎರಡು ಕೆಂಪು ಚುಕ್ಕೆ. ಅಲ್ಲಿ ಎಲ್ಲರೂ 'ಮಿಕಿ ಮೌಸ್' ಅಂತಲೇ ತೋರಿಸುತ್ತಾರೆ. ಅವರೆ, ಹೆಸರುಕಾಳುಗಳ ಕುಟುಂಬದ್ದೇ ಗಿಡ. ಇದರ ಒಡಹುಟ್ಟು ಇನ್ನೊಂದಿದೆ. ಅದರ ಸೊಪ್ಪನ್ನು ಕೊಂಕಣದ ಕಡೆಯವರು ಮಳೆಗಾಲದಲ್ಲಿ ಪಲ್ಯ ಮಾಡುತ್ತಾರೆ. ಅದಕ್ಕೂ ಕವಳಾ ಅಂತಲೇ ಹೆಸರು. ಆದ್ದರಿಂದ ಭಾಜಿ ಮಾರುವವರ ಹತ್ತಿರ ಕವಳಾ ಕೇಳಿದರೆ ಕೈಗೆ ಸೊಪ್ಪಿನ ಜುಡಿ ಬರುತ್ತದೆ.

ಪಠಾರದ ಮೇಲೆ ಈ ಹೂವು ರಾಶಿ ರಾಶಿ ಇರುತ್ತದೆ. ಪುಣೆ ಶಹರದೊಳಗೆ ಮಾತ್ರ ಹುಡುಕಿದರೂ ನನಗೆ ಸಿಕ್ಕಿಲ್ಲ. ನಿಜವಾಗಿ ಅಪರೂಪದ ಸ್ಮಿತಿಯಾಗಳೂ ಇವೆ. ಪುಣೆಯ ಸಸ್ಯಶಾಸ್ತ್ರಜ್ಞ ಶಂಕರ ಪುರುಷೋತ್ತಮ ಆಘಾರಕರ ಅವರ ಹೆಸರಿನ ಸ್ಮಿತಿಯಾ ಅಂಥದ್ದು. ಅದನ್ನು ಬೆಳೆಸುವ ಆಸೆ ಬೇಡ, ಅದು ಇದ್ದಲ್ಲೇ ಇರಲಿ.

ಬೀಜದಿಂದಲೇ ಶುರು ಮಾಡಬೇಕು, ಅದೂ ಅಕ್ಟೋಬರಿನಿಂದ. ನರ್ಸರಿಯಲ್ಲಿ ಇದು ಸಿಗುವುದಿಲ್ಲ. ಕಾಸ್ ಪಠಾರದಿಂದ ಒಂದು ಎಲೆಯನ್ನೂ ತರಬೇಡಿ. ಅದು ಅರಣ್ಯ ಇಲಾಖೆಯ ಜಾಗ, 2012ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಒಂದು. ಸಿಂಹಗಡ, ಪುರಂದರದ ಕೋಟೆಗಳಿಂದಲೂ ಏನೂ ತರಬೇಡಿ. ನನಗೆ ಸಿಕ್ಕಿದ್ದು ಮುಳಶಿ ಕಡೆ, ಪರಿಚಯದವರ ಭತ್ತದ ಗದ್ದೆಯ ಬದುವಿನಲ್ಲಿ. ಮಾಲೀಕರನ್ನು ಕೇಳಿ ತೆಗೆದುಕೊಳ್ಳಿ. ಹತ್ತು ಗಿಡ ಕಂಡರೆ ಒಂದರಿಂದ ಮಾತ್ರ, ಅದೂ ಒಂದೆರಡು ಗೊಂಚಲು. ಗಿಡವನ್ನು ಬೇರುಸಮೇತ ತಂದರೆ ದಾರಿಯಲ್ಲೇ ಬಾಡುತ್ತದೆ, ಅಲ್ಲೂ ಇಲ್ಲ ಇಲ್ಲೂ ಇಲ್ಲ ಅಂತಾಗುತ್ತದೆ.

ಕಾಯಿ ಎಲ್ಲಿದೆ ಅಂತ ನಾನು ಮೊದಲು ಅರ್ಧ ಗಂಟೆ ಹುಡುಕಿದ್ದೆ. ಹೂ ಉದುರಿದ ಮೇಲೆ ಅದರ ಹೊರಗಿನ ಹಸಿರು ಬಟ್ಟಲು ಉಳಿದು, ಒಣಗಿ, ಕಂದು ಕಾಗದದ ಹಾಗೆ ಆಗುತ್ತದೆ. ಅದನ್ನು ಉಗುರಿನಿಂದ ಬಿಡಿಸಿ. ಒಳಗೆ ಕಾಯಿ ಚಾಪೆ ಮಡಚಿದ ಹಾಗೆ ಮಡಚಿಕೊಂಡು ಕೂತಿರುತ್ತದೆ. ಅದರಲ್ಲಿ ಗೆಣ್ಣು ಗೆಣ್ಣಾಗಿ ತುಂಡುಗಳು. ಒಂದೊಂದು ತುಂಡಿಗೆ ಒಂದೊಂದು ಬೀಜ. ಬಟ್ಟಲು ಇನ್ನೂ ಹಸಿರಾಗಿದ್ದರೆ ಮುಟ್ಟಬೇಡಿ, ಬಲಿತಿಲ್ಲ. ತಂದಿದ್ದನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕದೆ ಕಾಗದದ ಪಾಕೀಟಿನಲ್ಲಿ ಇಡಿ. ಮದುವೆ ಕಾರ್ಡಿನ ಕವರ್ ಆದರೂ ಆದೀತು. ಮೇಲೆ ಊರು, ತಾರೀಖು ಬರೆದು ನೆರಳಿನ ಕಪಾಟಿನಲ್ಲಿ ಮೇ ತನಕ ಮರೆತುಬಿಡಿ.

ಮಣ್ಣಿನ ವಿಷಯದಲ್ಲಿ ನಾವೆಲ್ಲ ಎಡವುವುದು ಪ್ರೀತಿ ಜಾಸ್ತಿಯಾಗಿ. ಪಠಾರದ ಮೇಲೆ ಏನಿದೆ? ಕೆಳಗೆ ಬಂಡೆ, ಮೇಲೆ ಗೇಣುದ್ದವೂ ಇಲ್ಲದ ಮಣ್ಣು. ನಾಲ್ಕು ತಿಂಗಳು ಮಳೆಯಲ್ಲಿ ನೆನೆಯುತ್ತದೆ, ಉಳಿದ ತಿಂಗಳು ಬಿಸಿಲಿಗೆ ಸುಡುತ್ತದೆ. ಅಂಥ ಜಾಗದಲ್ಲಿ ದೊಡ್ಡ ಗಿಡ, ಒರಟು ಹುಲ್ಲು ಸುಲಭಕ್ಕೆ ಬೇರೂರುವುದಿಲ್ಲ. ಅದೇ ಕವಳಾಗೆ ಅನುಕೂಲ. ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಬ್ಯಾಕ್ಟೀರಿಯಾ ಅದರ ಬೇರಿನ ಗಂಟಿನಲ್ಲೇ ಇರುವುದರಿಂದ ಬಡ ಮಣ್ಣಿನಲ್ಲೂ ಬದುಕುತ್ತದೆ. ನೀವು ಗೊಬ್ಬರ ಹಾಕಿದಿರೋ, ಅದರ ವೈರಿಗಳಿಗೆ ಊಟ ಹಾಕಿದ ಹಾಗೆ.

ಇದು ನನಗೆ ಗೊತ್ತಾಗಿದ್ದು ಕೆಳಗಿನ ಮನೆಯ ವಿಜಯಪುರದ ಕಾಕು ಅವರಿಂದ. ಎರಡನೇ ವರ್ಷ ಒಂದು ಬೆಳಗ್ಗೆ ಮೇಲೆ ಬಂದವರು, "ಏನ್ರೀ, ಹುಲ್ಲಿಗೆ ನೀರು ಹಾಕಾಕತ್ತೀರಿ?" ಅಂದರು.

"ಹುಲ್ಲಲ್ಲ ಕಾಕು, ಹೂವಿನ ಗಿಡ."

"ಹೂವು ಎಲ್ಲದ?"

"ಆಗಸ್ಟಿಗೆ ಬರ್ತದ್ರೀ."

ಗಿಡ ಸಣಕಲಾಗಿದೆ ಅಂತ ಮರುಗಿ, ಅವರು ನಾಲ್ಕು ದಿನ ಚಹಾದ ಗಸಿ ತಂದು ಒಂದು ಮಗ್ಗುಲಿಗೆ ಹಾಕಿದರು. ನನಗೆ ಹೇಳಲಿಲ್ಲ. ಆಗಸ್ಟಿನಲ್ಲಿ ಆ ಮಗ್ಗುಲಲ್ಲಿ ಮೊಳಕಾಲೆತ್ತರದ ಹುಲ್ಲು, ಈ ಮಗ್ಗುಲಲ್ಲಿ ಕವಳಾ!

ಕುಂಡಕ್ಕೆ ಗಾರೆ ಕೆಲಸದವರು ಸಿಮೆಂಟು ಹೊರುವ ಬಾಣಲೆ, ಅದೇ ಹಳೇ ಘಮೇಲಾ, ಬೆಸ್ಟ್. ಅಗಲ ಜಾಸ್ತಿ, ಆಳ ಕಡಿಮೆ. ತಳಕ್ಕೆ ಆರೇಳು ತೂತು ಹೊಡೆಸಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮುರುಮು (ಕಲ್ಲುಪುಡಿಯಂಥ ಗರಸು ಮಣ್ಣು), ಒಂದು ಪಾಲು ದಪ್ಪ ಮರಳು, ಇಷ್ಟೇ. ಎರೆಗೊಬ್ಬರ ಬೇಡ, ಕೋಕೋಪೀಟ್ ಬೇಡ. ನಾಲ್ಕೈದು ಇಂಚು ತುಂಬಿದರೆ ಸಾಕು. ಕೆಳಗೆ ಎರಡು ಇಟ್ಟಿಗೆ ಇಡಿ. ಇಲ್ಲದಿದ್ದರೆ ನೀರು ನಿಂತು, ಕೆಳಗಿನ ಫ್ಲ್ಯಾಟಿನವರ ಸೀಲಿಂಗ್ ಸೋರಿದ್ದಕ್ಕೂ ನಿಮ್ಮ ಹೂವೇ ಕಾರಣವಾಗುತ್ತದೆ. ಜಾಗ ಮಾತ್ರ ತೆರೆದಿರಬೇಕು. ಸೂರಿರುವ ಗ್ಯಾಲರಿಯಲ್ಲಿ ಸುಮ್ನೆ ಪ್ರಯತ್ನಿಸಬೇಡಿ. ಮಳೆ ನೇರ ಬೀಳಬೇಕು, ಬಿಸಿಲೂ ನೇರ ಬೀಳಬೇಕು.

ಮೇ ಕೊನೆಗೆ ಬೀಜ ಹೊರಗೆ ತೆಗೆಯಿರಿ. ಈ ಕುಟುಂಬದ ಎಷ್ಟೋ ಕಾಡುಗಿಡಗಳ ಹಾಗೆ ಸಿಪ್ಪೆ ಗಟ್ಟಿ, ನೀರು ಒಳಗೆ ಹೋಗುವುದಿಲ್ಲ. ಒಂದು ತುಂಡು ಸ್ಯಾಂಡ್ ಪೇಪರ್ ಮೇಲೆ ಬೀಜ ಹರಡಿ, ಇನ್ನೊಂದು ತುಂಡಿನಿಂದ ಹಗುರಾಗಿ ನಾಲ್ಕೈದು ಸಲ ಉಜ್ಜಿ. ಹೊಳಪು ಹೋದರೆ ಆಯ್ತು, ಪುಡಿ ಮಾಡಬೇಡಿ. ಅರ್ಧ ಬೀಜ ಮಾತ್ರ ಉಜ್ಜುವುದು ನನ್ನ ರೂಢಿ. ಉಳಿದರ್ಧ ಹಾಗೇ ಇರಲಿ, ಅದು ವಿಮೆ. ಎಲ್ಲವೂ ಒಂದೇ ಸಲ ಮೊಳೆತು, ಆಮೇಲೆ ಮಳೆ ಕೈಕೊಟ್ಟರೆ ಕಥೆ ಮುಗಿಯಿತಲ್ವಾ? ಗಟ್ಟಿ ಸಿಪ್ಪೆಯ ಉಪಯೋಗವೇ ಅದು.

ಬಿತ್ತುವ ದಿನಕ್ಕೆ ಅವಸರ ಬೇಡ. ಮೇ ತಿಂಗಳ ಅಡ್ಡಮಳೆ, ಇಲ್ಲಿಯವರು ವಳೀವ್ ಅನ್ನುವುದು, ಬಹಳ ಮೋಸಗಾರ. ಒಂದು ಸಂಜೆ ಗುಡುಗಿ ಸುರಿದು ಹತ್ತು ದಿನ ಪತ್ತೆ ಇರುವುದಿಲ್ಲ. ಮಿರಗ, ಅಂದರೆ ಮೃಗಶಿರಾ ಮಳೆ, ಹೂಡಿ, ಜೂನ್ ಎರಡನೇ ವಾರದಲ್ಲಿ ಎರಡು ಮೂರು ದಿನ ಬಿಡದೆ ಮೋಡ ಕವಿದ ಮೇಲೆ ಬಿತ್ತಿ. ಉಜ್ಜಿದ ಬೀಜವನ್ನು ಹಿಂದಿನ ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ. ಬೆಳಗ್ಗೆ ಉಬ್ಬಿದ್ದು, ಉಜ್ಜದೆ ಇಟ್ಟಿದ್ದು ಎಲ್ಲ ಸೇರಿಸಿ ಮಣ್ಣಿನ ಮೇಲೆ ಉದುರಿಸಿ, ಮರಳು ತೆಳ್ಳಗೆ ಮುಚ್ಚಿ. ಮಳೆ ನಿಂತ ದಿನ ಮಗ್ಗಿನಿಂದ ನೀರು ಸುರಿಯಬೇಡಿ, ಬೀಜ ಮೂಲೆಗೆ ಕೊಚ್ಚಿಕೊಂಡು ಹೋಗುತ್ತದೆ. ಘಮೇಲಾವನ್ನು ನೀರಿನ ಟಬ್ಬಿನಲ್ಲಿ ಹತ್ತು ನಿಮಿಷ ಕೂರಿಸಿದರೆ ಕೆಳಗಿನಿಂದಲೇ ಹೀರಿಕೊಳ್ಳುತ್ತದೆ.

ಮುಂದೆ ನಿಜವಾದ ಕೆಲಸ ಕಳೆ ಕೀಳುವುದು. ಯಾವುದು ಕವಳಾ, ಯಾವುದು ಕಳೆ? ಬೆರಳಿನಿಂದ ಕೇಳಿ. ಕಡ್ಡಿಯ ಎರಡೂ ಕಡೆ ಸಣ್ಣ ಸಣ್ಣ ಎಲೆ ಜೋಡಿಯಾಗಿರುತ್ತವೆ. ಮೆಲ್ಲಗೆ ತಟ್ಟಿ ಸ್ವಲ್ಪ ಹೊತ್ತು ಕಾಯಿರಿ. ಪುಸ್ತಕ ಮುಚ್ಚಿದ ಹಾಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸಂಜೆಯಾದರೆ ತಾವಾಗಿಯೇ ಮುಚ್ಚುತ್ತವೆ. ನಾಚಿಕೆ ಮುಳ್ಳೂ ಹೀಗೇ ಮಾಡುತ್ತದೆ ನಿಜ, ಆದರೆ ಅದು ಎಲೆಯ ಜೊತೆ ತೊಟ್ಟನ್ನೂ ಕೆಳಗೆ ಚೆಲ್ಲುತ್ತದೆ, ಬರುಬರುತ್ತಾ ಕಾಂಡದ ಮೇಲೆ ಮುಳ್ಳೂ ಬರುತ್ತದೆ. ಕವಳಾಗೆ ಮುಳ್ಳಿಲ್ಲ, ಒರಟು ಕೂದಲು. ಹುಲ್ಲು ಕೀಳುವಾಗ ಪಕ್ಕದ ಸಸಿಯ ಬೇರೂ ಎದ್ದು ಬರುತ್ತದೆ. ಹಾಗಾಗಿ ನಾನು ಕೀಳುವುದಿಲ್ಲ, ಹಳೇ ಕತ್ತರಿಯಿಂದ ಬುಡಕ್ಕೆ ಕತ್ತರಿಸುತ್ತೇನೆ. ಕವಳಾ ಸಸಿಯನ್ನು ಬೇರೆ ಕುಂಡಕ್ಕೆ ಬದಲಿಸಲೂ ಹೋಗಬೇಡಿ. ತೀರಾ ಒತ್ತಾಗಿದ್ದರೆ ಒಂದೆರಡನ್ನು ಕತ್ತರಿಸಿ.

ಆಗಸ್ಟ್ ಕೊನೆಗೆ ಮೊದಲ ಹೂವು. ಬೆಳಗ್ಗೆ ಚಹಾ ಹಿಡಿದುಕೊಂಡು ಮೇಲೆ ಹೋಗಿ, ಕುಕ್ಕರಗಾಲಲ್ಲಿ ಕೂತು ನೋಡಿ. ಜೇನ್ನೊಣ ಬಂದು ಕೆಳಗಿನ ಎಸಳಿನ ಮೇಲೆ ಕೂರುತ್ತದೆ. ಅದರ ಭಾರಕ್ಕೆ ಎಸಳು ಜಗ್ಗಿ, ಒಳಗೆ ಬಚ್ಚಿಟ್ಟಿದ್ದ ಕೇಸರಗಳು ಹೊರಗೆ ಬಂದು ನೊಣದ ಹೊಟ್ಟೆಗೆ ಪರಾಗ ಮೆತ್ತುತ್ತವೆ. ನೊಣ ಹಾರಿತೋ, ಎಸಳು ಮತ್ತೆ ಮೇಲಕ್ಕೆ. ಕಾಕು ಈಗ ದಿನಾ ಬರುತ್ತಾರೆ, ಚಹಾ ತರುತ್ತಾರೆ, ಗಸಿ ತರುವುದಿಲ್ಲ.

ಅಕ್ಟೋಬರಿನಲ್ಲಿ ಗಿಡ ಕೆಂಪಾಗಿ ಒಣಗಲು ಶುರುವಾದಾಗ ಗಾಬರಿಯಾಗಿ ನೀರು ಸುರಿಯಬೇಡಿ. ಅದರ ಆಯುಷ್ಯವೇ ಅಷ್ಟು. ಸ್ವಲ್ಪ ಬೀಜ ಪಾಕೀಟಿಗೆ, ಉಳಿದದ್ದು ಅಲ್ಲೇ ಉದುರಲಿ. ಹೆಚ್ಚಾದ ಬೀಜವನ್ನು ಯಾವುದೋ ಟೇಕಡಿಯ ಮೇಲೆ ಎರಚಿ ಪುಣ್ಯ ಕಟ್ಟಿಕೊಳ್ಳುವ ಯೋಚನೆ ಬೇಡ. ಒಂದು ಬೆಟ್ಟದ್ದನ್ನು ಇನ್ನೊಂದರಲ್ಲಿ ಬೆರೆಸಿದರೆ ಯಾವುದು ಎಲ್ಲಿಯದು ಅಂತ ಮುಂದೆ ಯಾರಿಗೂ ತಿಳಿಯುವುದಿಲ್ಲ. ಗೆಳೆಯರ ಕುಂಡಕ್ಕೆ ಕೊಡಿ.

ಆಮೇಲೆ ಜೂನ್ ತನಕ ಘಮೇಲಾದಲ್ಲಿ ಬರೀ ಒಣ ಮಣ್ಣು. ಅಗೆಯಬೇಡಿ, ಅದರಲ್ಲಿ ಮೆಂತ್ಯ ಬಿತ್ತಬೇಡಿ, ಬಿಸಿಲಿನಲ್ಲೇ ಬಿಡಿ. ನಮ್ಮ ಘಮೇಲಾದ ಅಂಚಿನ ಮೇಲೆ ಬಿಳಿ ಆಯಿಲ್ ಪೇಂಟಿನಲ್ಲಿ ಒಂದು ಕಡೆ ಕನ್ನಡದಲ್ಲಿ, ಇನ್ನೊಂದು ಕಡೆ ಮಾವಶಿಯ ಮಗಳಿಂದ ಮರಾಠಿಯಲ್ಲಿ ಬರೆಸಿದ್ದೇನೆ: 'ಹೇ ಗವತ ನಾಹೀ', ಇದು ಹುಲ್ಲಲ್ಲ.