ಮಾತಿಗೆ ಷಡ್ಜ ಯಾವುದು?

ಚಿಕ್ಕವಳಿದ್ದಾಗ ಏನಾದರೂ ಬೇಡಲು ಹೋದರೆ ಅವ್ವ ‘ರಾಗ ಎಳೆಯಬೇಡ, ನೆಟ್ಟಗೆ ಹೇಳು’ ಎನ್ನುತ್ತಿದ್ದಳು. ಮುಂದೆ ಧಾರವಾಡ ಬಿಟ್ಟು ಪುಣೆಗೆ ಬಂದು, ಭಾಷಾವಿಜ್ಞಾನ ಓದಿ, ಮಾತಿನ ಆ ರಾಗವನ್ನೇ ಅಳೆಯಲು ಕುಳಿತೆ. ಮೊದಲ ಆರು ತಿಂಗಳು ದಾರಿ ತಪ್ಪಿದ್ದು ಆ ‘ರಾಗ’ ಎಂಬ ಪದವನ್ನು ಅಕ್ಷರಶಃ ನಂಬಿದ್ದರಿಂದ.

ಪ್ರಶ್ನೆ ಸಣ್ಣದಿತ್ತು. ಇಲ್ಲಿ ಹುಟ್ಟಿ ಬೆಳೆದ ಕನ್ನಡದ ಮನೆಯ ಮಕ್ಕಳು ಮಾತನಾಡಿದರೆ, ಊರಿನಿಂದ ಬಂದ ನೆಂಟರು ‘ಮಾತು ಕನ್ನಡದ್ದೇ, ಧಾಟಿ ಮಾತ್ರ ಮರಾಠಿಯದು’ ಎನ್ನುತ್ತಾರೆ. ಎಲ್ಲರ ಕಿವಿಗೂ ಗೊತ್ತಾಗುವ ಈ ಧಾಟಿ ಮಾತಿನ ಯಾವ ಭಾಗದಲ್ಲಿ ಅಡಗಿದೆ?

ಹತ್ತು ವರ್ಷ ಹಿಂದುಸ್ತಾನಿ ಖಯಾಲ್ ಗಾಯನ ಕಲಿತ ಜಂಬ ನನಗಿತ್ತು. ಹಾರ್ಮೋನಿಯಂ ಮುಂದಿಟ್ಟುಕೊಂಡು, ಧ್ವನಿಮುದ್ರಣ ಕೇಳುತ್ತ, ವಾಕ್ಯಗಳನ್ನು ಸರಿಗಮದಲ್ಲಿ ಬರೆಯತೊಡಗಿದೆ. ಸೋಮವಾರ ‘ಗ’ ಎಂದು ಬರೆದದ್ದು ಗುರುವಾರ ‘ಮ’ ಎಂದು ಕೇಳಿಸುತ್ತಿತ್ತು. ಹಾರ್ಮೋನಿಯಂ ಮೆಟ್ಟಿಲು, ಮಾತು ಜಾರುಬಂಡೆ. ಇಂಗ್ಲೆಂಡಿನಲ್ಲಿದ್ದ ಜೋಶುವಾ ಸ್ಟೀಲ್ 1775ರಲ್ಲೇ ಮಾತಿನ ಏರಿಳಿತವನ್ನು ಬರೆದಿಡಲು ಹೊರಟಾಗ ತಂತಿವಾದ್ಯದ ಮೇಲೆ ಬೆರಳು ಜಾರಿಸುತ್ತ ಅದನ್ನು ಅನುಕರಿಸಿದ್ದ, ಸ್ವರಗಳ ಜಾಗದಲ್ಲಿ ಬಾಗಿದ ಗೆರೆಗಳನ್ನು ಎಳೆದಿದ್ದ. ಅದನ್ನು ನಾನು ಓದಿದ್ದು ಎರಡು ನೋಟುಪುಸ್ತಕ ತುಂಬಿದ ಮೇಲೆ.

ಆಮೇಲೆ ಪ್ರಾತ್ ಎಂಬ ತಂತ್ರಾಂಶಕ್ಕೆ ಬಂದೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ, ಡೇವಿಡ್ ವೇನಿಂಕ್ ಮಾಡಿದ್ದು, ಉಚಿತ. ಧ್ವನಿ ಸೆಕೆಂಡಿಗೆ ಎಷ್ಟು ಸಲ (ಅಂದರೆ ಎಷ್ಟು ಹರ್ಟ್ಜ್) ಕಂಪಿಸುತ್ತದೆ ಎಂದು ಗೆರೆ ಎಳೆದು ತೋರಿಸುತ್ತದೆ. ಗೆರೆ ಕಂಡ ಕೂಡಲೇ ನಂಬಿಬಿಡುವುದು ಹೊಸಬರ ರೋಗ. ಪುಣೆಯ ಕೋಥರೂಡಿನ ಒಬ್ಬ ಅಜ್ಜಿಯ ವಾಕ್ಯಗಳ ಕೊನೆಯಲ್ಲಿ ಗೆರೆ ಒಂದು ಸಪ್ತಕದಷ್ಟು, ಅಂದರೆ ಅರ್ಧಕ್ಕೆ, ಕೆಳಗೆ ಧುಮುಕುತ್ತಿತ್ತು. ‘ಹಿರಿಯರು ವಾಕ್ಯವನ್ನು ಪಾತಾಳಕ್ಕೆ ಇಳಿಸಿ ಮುಗಿಸುತ್ತಾರೆ’ ಎಂದು ಒಂದು ಪುಟವನ್ನೇ ಬರೆದೆ. ಮತ್ತೆ ಕೇಳಿದರೆ ಕಿವಿಗೆ ಅಂಥ ಇಳಿತವೇ ಇಲ್ಲ! ಉಸಿರು ತೀರಿದಾಗ ಅವರ ಧ್ವನಿ ಕರಕರ ಎನ್ನುತ್ತಿತ್ತು. ಯಂತ್ರ ಎರಡು ಕಂಪನಗಳನ್ನು ಒಂದೆಂದು ಎಣಿಸುತ್ತಿತ್ತು. ಅಂದಿನಿಂದ ಹೆಂಗಸರ ಧ್ವನಿಗೆ ಶೋಧದ ಮಿತಿಯನ್ನು 100ರಿಂದ 500 ಹರ್ಟ್ಜ್, ಗಂಡಸರಿಗೆ 75ರಿಂದ 300 ಎಂದು ಮೊದಲೇ ಕಟ್ಟಿಡುತ್ತೇನೆ. ಆದರೂ ಪ್ರತಿ ಗೆರೆಯನ್ನೂ ಕಿವಿಯ ಪಕ್ಕ ಹಿಡಿದು ನೋಡುತ್ತೇನೆ. ಕುಕ್ಕರಿನ ಸೀಟಿ, ಫ್ಯಾನಿನ ಗುಂಯ್‌ಗುಟ್ಟುವಿಕೆಯ ಬಗ್ಗೆ ಹೇಳುವುದೇ ಬೇಡ.

ನಿಜವಾದ ತೊಡಕು ಬಿಡಿಸಿಕೊಟ್ಟವರು ನನ್ನ ಸಂಗೀತದ ಗುರುಗಳು. ಅವರೂ ನಮ್ಮ ಧಾರವಾಡದ ಕಡೆಯವರೇ. ನನ್ನ ಕೋಷ್ಟಕಗಳನ್ನು ನೋಡಿ, ‘ಎಲ್ಲ ಸರಿ, ಷಡ್ಜ ಯಾವುದು ಇಟ್ಟುಕೊಂಡಿದ್ದೀಯಮ್ಮಾ?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಹಾಡಿಗೆ ತಂಬೂರಿ ಷಡ್ಜ, ಅಂದರೆ ಆಧಾರದ ‘ಸ’, ಕೊಡುತ್ತದೆ; ಪ್ರತಿ ಸ್ವರವೂ ಅದರಿಂದ ಎಷ್ಟು ದೂರ ಎಂಬುದರಿಂದಲೇ ಶ್ರುತಿಶುದ್ಧ ಅಥವಾ ಅಪಸ್ವರವಾಗುತ್ತದೆ. ಮಾತಿನ ಹಿಂದೆ ಯಾರೂ ತಂಬೂರಿ ಮೀಟುವುದಿಲ್ಲ. ಇಂಗ್ಲಿಷಿನಲ್ಲಿ ‘ಇಂಟೋನೇಷನ್’ ಎಂಬ ಒಂದೇ ಪದಕ್ಕೆ ಎರಡು ಅರ್ಥ: ಹಾಡಿನಲ್ಲಿ ಶ್ರುತಿಗೆ ನಿಲ್ಲುವುದು, ಮಾತಿನಲ್ಲಿ ಏರಿಳಿಯುವುದು. ನಾನು ಎರಡನ್ನೂ ಕಲಸಿದ್ದೆ.

ಕೊನೆಗೆ ಮಾಡಿದ್ದು ಇಷ್ಟು. ಒಬ್ಬೊಬ್ಬರ ಮಾತಿನ ಎಲ್ಲ ಬೆಲೆಗಳನ್ನೂ ಸಾಲಾಗಿ ಜೋಡಿಸಿ, ನಟ್ಟನಡುವೆ ಬರುವುದನ್ನು ಆ ವ್ಯಕ್ತಿಯ ಆಧಾರ ಎಂದು ಇಟ್ಟುಕೊಂಡೆ. ಮಿಕ್ಕ ಲೆಕ್ಕವನ್ನೆಲ್ಲ ಹರ್ಟ್ಜ್ ಬಿಟ್ಟು ಅರ್ಧಸ್ವರಗಳಲ್ಲಿ, ಅಂದರೆ ಹಾರ್ಮೋನಿಯಂನ ಒಂದು ಮನೆಯಿಂದ ಪಕ್ಕದ ಮನೆಗಿರುವ ಅಂತರದಲ್ಲಿ, ಮಾಡಿದೆ. ಗಂಡಸೊಬ್ಬ 110ರಿಂದ 165ಕ್ಕೆ ಏರಿದರೆ 55 ಹರ್ಟ್ಜ್ ವ್ಯತ್ಯಾಸ. ಹೆಂಗಸೊಬ್ಬಳು 220ರಿಂದ 330ಕ್ಕೆ ಏರಿದರೆ 110. ಹರ್ಟ್ಜ್ ನಂಬಿದರೆ ಅವಳು ದುಪ್ಪಟ್ಟು ಏರಿದಳು. ಕಿವಿಗೆ ಎರಡೂ ಷಡ್ಜದಿಂದ ಪಂಚಮಕ್ಕೆ ಹೋದದ್ದೇ, ಸುಮಾರು ಏಳು ಅರ್ಧಸ್ವರ. ಇದನ್ನು ಮೊದಲೇ ಮಾಡಿದ್ದರೆ ‘ಹೆಂಗಸರು ಹೆಚ್ಚು ರಾಗ ಎಳೆಯುತ್ತಾರೆ’ ಎಂಬ ನನ್ನ ಇನ್ನೊಂದು ಪುಟವೂ ಹುಟ್ಟುತ್ತಿರಲಿಲ್ಲ.

ಹಾಡಿನ ಕಡೆಯೂ ಎಲ್ಲ ಕಲ್ಲಿನಲ್ಲಿ ಕೊರೆದಂತಿಲ್ಲ ಎನ್ನುವುದು ಸಮಾಧಾನ. ನಿವೃತ್ತ ಡೆಪ್ಯುಟಿ ಕಲೆಕ್ಟರ್ ಕೆ.ಬಿ. ದೇವಲ್ ಗಾಯಕ ಅಬ್ದುಲ್ ಕರೀಂ ಖಾನರ ನೆರವಿನಿಂದ ಸಪ್ತಕದೊಳಗಿನ ಇಪ್ಪತ್ತೆರಡು ಸೂಕ್ಷ್ಮ ಶ್ರುತಿಗಳನ್ನು ಅಳೆದು 1910ರಲ್ಲಿ ಇದೇ ಪುಣೆಯಲ್ಲಿ ಪ್ರಕಟಿಸಿದರು. ಖಾನ್‌ಸಾಹೇಬರು ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರುಗಳು. ಆದರೆ 1963ರಲ್ಲಿ ಸಂಶೋಧಕರಾದ ಜೈರಾಜ್‌ಭಾಯ್ ಮತ್ತು ಸ್ಟೋನ್ ಉಪಕರಣವಿಟ್ಟು ಅಳೆದಾಗ, ಒಂದೇ ಪ್ರಸ್ತುತಿಯೊಳಗೂ ಒಂದೇ ಸ್ವರ ಅತ್ತಿತ್ತ ಸರಿಯುವುದು ಕಂಡಿತು.

ವಾಕ್ಯಗಳನ್ನು ಆರಿಸುವುದೂ ಒಂದು ಕಸುಬು. ಕ, ತ, ಪ ಬಂದಲ್ಲಿ ಗಂಟಲಿನ ಕಂಪನ ನಿಲ್ಲುತ್ತದೆ, ಗೆರೆ ತುಂಡಾಗುತ್ತದೆ. ಅದಕ್ಕೆ ‘ನಿಮ್ಮ ಮಾವನವರು ಮನೆಯಲ್ಲಿ ಇಲ್ಲ’ ಎಂಬ ವಾಕ್ಯ ಕಟ್ಟಿದೆ. ಗೆರೆ ಎಲ್ಲೂ ಮುರಿಯದು, ‘ಇಲ್ಲವೇ?’ ಎಂದರೆ ಪ್ರಶ್ನೆಯೂ ಆಯಿತು. ಆ ಕೋಥರೂಡಿನ ಅಜ್ಜಿ ಚೀಟಿ ಓದಿ ಸುಮ್ಮನಾದರು. ‘ಅವರು ಹೋಗಿ ಎಷ್ಟೋ ವರ್ಷವಾಯಿತಲ್ಲ ತಂಗೀ, ಇದನ್ನೇಕೆ ನನ್ನಿಂದ ಹೇಳಿಸುತ್ತೀ?’ ಎಂದರು. ಚೀಟಿ ಮಡಚಿಟ್ಟೆ. ಅವರ ಒಪ್ಪಿಗೆ ಪಡೆದು, ಚಹಾ ಕುಡಿಯುವಷ್ಟು ಹೊತ್ತು ಯಂತ್ರವನ್ನು ಹಾಗೆಯೇ ಬಿಟ್ಟೆ. ನನ್ನ ಬಳಿ ಇರುವ ಅತ್ಯುತ್ತಮ ಪ್ರಶ್ನೆಗಳೆಲ್ಲ ಆ ಅರ್ಧ ಗಂಟೆಯವು: ಊಟ ಆಯಿತೇನು, ಮನೆಯಲ್ಲಿ ಯಾರ್ಯಾರು, ಸಂಬಳ ಎಷ್ಟು.

ಹನ್ನೊಂದು ಜನರ ಮಾತಿನಿಂದ ಭಾಷೆಯ ಮೇಲೆ ತೀರ್ಪು ಕೊಡಲು ಬರುವುದಿಲ್ಲ. ಆದರೆ ಇವರಲ್ಲಿ ನಾನು ಹುಡುಕಿದ ವ್ಯತ್ಯಾಸ ಏರುವ ಎತ್ತರದಲ್ಲಿ ಇರಲಿಲ್ಲ; ಕೊನೆಯ ಸ್ವರಾಕ್ಷರವನ್ನು ಎಷ್ಟು ಹೊತ್ತು ಹಿಡಿಯುತ್ತಾರೆ ಎಂಬುದರಲ್ಲಿತ್ತು. ‘ಎಳೆಯಬೇಡ’ ಎಂದಿದ್ದಳಲ್ಲ ಅವ್ವ. ನಾನು ‘ರಾಗ’ವನ್ನು ಹಿಡಿದುಕೊಂಡು ಆ ಕ್ರಿಯಾಪದವನ್ನೇ ಬಿಟ್ಟಿದ್ದೆ.

ಮಾತಿನ ತುಣುಕೊಂದನ್ನು ಮತ್ತೆ ಮತ್ತೆ ಕೇಳಿಸಿದರೆ ಅದು ಹಾಡಾಗಿ ಕೇಳತೊಡಗುತ್ತದೆ ಎಂದು ಮನೋವಿಜ್ಞಾನಿ ಡಯಾನಾ ಡಾಯ್ಚ್ ತೋರಿಸಿದ್ದಾರೆ. ಅಕ್ಷರಗಳ ಗಡಿಗಳನ್ನು ಗುರುತಿಸಲು ಅಜ್ಜಿಯ ‘ಊಟ ಆಯಿತೇನು’ ಎಂಬುದನ್ನು ಅದೆಷ್ಟು ಸಲ ಹಾಕಿದ್ದೆನೋ, ಮೊನ್ನೆ ಅಡುಗೆಮನೆಯಲ್ಲಿ ಮಗಳು ಅದನ್ನೇ ಗುನುಗುತ್ತಿದ್ದಳು. ಈ ಸಲ ಷಡ್ಜ ಸ್ಪಷ್ಟವಾಗಿ ಕೇಳುತ್ತಿತ್ತು.