ಎಷ್ಟು ವಾರದ ಗರ್ಭ? ಸ್ಕ್ಯಾನ್ ಮತ್ತು ಟೇಪನ್ನು ಓದುವ ಬಗೆ

ಗರ್ಭಿಣಿಯರ ತಪಾಸಣಾ ವಿಭಾಗಕ್ಕೆ ಹೊಸದಾಗಿ ಬರುವ ನರ್ಸ್‌ಗಳಿಗೆ ನಾನು ಮೊದಲು ಹೇಳುವ ಮಾತು ಒಂದೇ: ಮಗುವಿನ ವಯಸ್ಸನ್ನು ನೇರವಾಗಿ ಅಳೆಯುವ ಸಾಧನ ನಮ್ಮಲ್ಲಿಲ್ಲ. ಸ್ಕ್ಯಾನ್ ಮಗುವಿನ ಗಾತ್ರ ತೋರಿಸುತ್ತದೆ, ಕೈ ಮತ್ತು ಟೇಪು ಗರ್ಭಕೋಶದ ಗಾತ್ರ ತೋರಿಸುತ್ತವೆ. ವಯಸ್ಸು ನಾವು ಹಾಕುವ ಲೆಕ್ಕ.

ಲೆಕ್ಕ ಶುರುವಾಗುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಅದಕ್ಕೆ 9 ತಿಂಗಳು 7 ದಿನ ಕೂಡಿಸಿ. ಮಾರ್ಚ್ 10 ಆದರೆ ಹೆರಿಗೆಯ ಅಂದಾಜು ಡಿಸೆಂಬರ್ 17. ಇದು 28 ದಿನಗಳ ಋತುಚಕ್ರದವರಿಗೆ ಹೊಂದುವ ಸೂತ್ರ. ಆದ್ದರಿಂದ ಮುಟ್ಟು ಕ್ರಮವಾಗಿತ್ತೇ, ಗರ್ಭನಿರೋಧಕ ಮಾತ್ರೆ ಬಿಟ್ಟು ಎಷ್ಟು ದಿನವಾಯಿತು, ಹಿಂದಿನ ಮಗುವಿಗೆ ಇನ್ನೂ ಹಾಲೂಡಿಸುತ್ತಿದ್ದರೇ ಎಂದು ಕೇಳಲೇಬೇಕು. ಯಾರಾದರೂ ತಡವರಿಸುತ್ತಾ ಒಂದನೆಯ ತಾರೀಕು ಅಥವಾ ಹದಿನೈದು ಎಂದರೆ ನನಗೆ ಅನುಮಾನ. ಅದು ನೆನಪಲ್ಲ, ಅಂದಾಜು.

ಈ ತಾರೀಕನ್ನು ಒರೆಗೆ ಹಚ್ಚಲು ಮೊದಲ ಮೂರು ತಿಂಗಳ ಸ್ಕ್ಯಾನ್‌ಗೆ ಸಮನಾದದ್ದಿಲ್ಲ. ಆಗ ಮಕ್ಕಳೆಲ್ಲ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಬೆಳೆಯುತ್ತವೆ. ವರದಿಯಲ್ಲಿ ಸಿಆರ್‌ಎಲ್ ಎಂದು ಕಾಣುವುದು ನೆತ್ತಿಯಿಂದ ಪೃಷ್ಠದವರೆಗಿನ ಉದ್ದ. 84 ಮಿಲಿಮೀಟರ್ ದಾಟುವವರೆಗೆ ಅದನ್ನೇ ನಂಬಿ, ತಪ್ಪಿದರೂ ಐದಾರು ದಿನ, ಹೆಚ್ಚೆಂದರೆ ಒಂದು ವಾರ. ಆಮೇಲೆ ತಲೆಯ ಸುತ್ತಳತೆ, ಹೊಟ್ಟೆಯ ಸುತ್ತಳತೆ, ತೊಡೆಮೂಳೆಯ ಉದ್ದ ಬರುತ್ತವೆ. ಕೊನೆಯ ಮೂರು ತಿಂಗಳಲ್ಲಿ ಇದೇ ಯಂತ್ರ ಮೂರು ವಾರಕ್ಕಿಂತ ಹೆಚ್ಚು ತಪ್ಪಬಹುದು. ಯಂತ್ರ ಕೆಟ್ಟಿದೆಯೆಂದಲ್ಲ, ಅಷ್ಟರಲ್ಲಿ ಒಂದು ಮಗು ದಪ್ಪಗಾಗಿರುತ್ತದೆ, ಇನ್ನೊಂದು ಸಣ್ಣಗಿರುತ್ತದೆ.

ಹಾಗಾಗಿ ತಾರೀಕು ಯಾವಾಗ ಬದಲಿಸಬೇಕು ಎಂಬುದೇ ನಿಜವಾದ ಪ್ರಶ್ನೆ. ಮುಟ್ಟಿನ ಲೆಕ್ಕ 11 ವಾರ ಎನ್ನುತ್ತದೆ, ಸ್ಕ್ಯಾನ್ 9 ವಾರ 5 ದಿನ ಎನ್ನುತ್ತದೆ ಎಂದುಕೊಳ್ಳಿ. ವ್ಯತ್ಯಾಸ 9 ದಿನ. ಈ ಹಂತದಲ್ಲಿ 7 ದಿನ ಮೀರಿದರೆ ಸ್ಕ್ಯಾನ್‌ನ ತಾರೀಕು ಹಿಡಿಯಬೇಕು. 9 ವಾರಕ್ಕೂ ಮೊದಲಾದರೆ 5 ದಿನ ಮೀರಿದರೆ ಸಾಕು; 16ರಿಂದ 22 ವಾರದೊಳಗೆ 10 ದಿನ, 28 ತುಂಬುವವರೆಗೆ 14, ಅಲ್ಲಿಂದಾಚೆ 21. ಒಮ್ಮೆ ಬೇಗನೆ ಸ್ಕ್ಯಾನ್ ಆಗಿ ತಾರೀಕು ನಿಂತ ಮೇಲೆ ಮುಂದಿನ ಯಾವ ಸ್ಕ್ಯಾನ್‌ಗೂ ಅದನ್ನು ಅಲ್ಲಾಡಿಸಬೇಡಿ. 32 ವಾರದಲ್ಲಿ ಮಗು 30 ವಾರದಷ್ಟಿದ್ದರೆ ‘ತಾರೀಕು ತಪ್ಪು’ ಎಂದು ತಿದ್ದಿ ನಿಟ್ಟುಸಿರು ಬಿಡುವುದು ಸುಲಭ. ಬೆಳವಣಿಗೆ ಕುಂಠಿತವಾದ ಮಗು ಹಾಗೆಯೇ ನಮ್ಮ ಕಣ್ಣು ತಪ್ಪಿಸುತ್ತದೆ.

ಇನ್ನು ಟೇಪು. ಮೂತ್ರ ಮಾಡಿ ಬರಲು ಹೇಳಿ; ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಮೇಲಕ್ಕೆ ತಳ್ಳುತ್ತದೆ. ಅಂಗಾತ ಮಲಗಿಸಿ, ಅಂಗೈಯ ಅಂಚಿನಿಂದ ಗರ್ಭಕೋಶದ ತುದಿ ಹುಡುಕಿ, ಅಲ್ಲಿಂದ ಕಿಬ್ಬೊಟ್ಟೆಯ ಬುಡದಲ್ಲಿ ಕೈಗೆ ಸಿಗುವ ಪ್ಯೂಬಿಕ್ ಮೂಳೆಯ ಮೇಲಂಚಿಗೆ ಅಳೆಯಿರಿ. ಅಂಕಿಗಳು ಕೆಳಮುಖವಾಗಿರಲಿ, ಕಣ್ಣಿಗೆ ಬಿದ್ದರೆ ಕೈ ತಾನಾಗಿ ನಿರೀಕ್ಷಿಸಿದ ಅಂಕಿಯತ್ತ ಜಾರುತ್ತದೆ. 24ರಿಂದ 36 ವಾರದವರೆಗೆ ಸೆಂಟಿಮೀಟರ್ ಮತ್ತು ವಾರ ಸರಿಸುಮಾರು ಒಂದೇ. ಮೂರು ಸೆಂಟಿಮೀಟರ್‌ಗೂ ಹೆಚ್ಚು ಅಂತರ ಕಂಡರೆ ಸ್ಕ್ಯಾನ್‌ಗೆ ಕಳುಹಿಸಿ. ಅವಳಿ, ಗರ್ಭಕೋಶದ ಗಡ್ಡೆ, ಮಗುವಿನ ಸುತ್ತ ಹೆಚ್ಚಾದ ನೀರು, ತಾಯಿಯ ಬೊಜ್ಜು ಅಳತೆಯನ್ನು ಏರಿಸುತ್ತವೆ. ಅಡ್ಡ ಮಲಗಿದ ಮಗು ಇಳಿಸುತ್ತದೆ. ಹೊಕ್ಕುಳನ್ನು ಗುರುತಾಗಿ ಹಿಡಿಯುವುದು ನನಗೆ ಇಷ್ಟವಿಲ್ಲ, ಅದು ಎಲ್ಲರಿಗೂ ಒಂದೇ ಜಾಗದಲ್ಲಿಲ್ಲ.

ಮುಟ್ಟಿನ ದಿನ ನೆನಪಿಲ್ಲದೆ, ಹಿಂದೆ ಒಂದೂ ಸ್ಕ್ಯಾನ್ ಆಗದೆ ತಡವಾಗಿ ಬಂದವರ ವಿಷಯದಲ್ಲಿ ಒಂದೇ ಅಳತೆಗೆ ತೀರ್ಪು ಕೊಡಬೇಡಿ. ಅಂದಾಜು ಎಂದೇ ಬರೆದು, ಅದು ಸ್ಕ್ಯಾನ್‌ನದೋ ಟೇಪಿನದೋ ಎಂದು ಪಕ್ಕದಲ್ಲೇ ನಮೂದಿಸಿ, ಮೂರು–ನಾಲ್ಕು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ, ನಡುವೆ ಮಗು ಎಷ್ಟು ಬೆಳೆಯಿತೆಂದು ವೈದ್ಯರ ಜೊತೆ ಕುಳಿತು ನೋಡಿ.