ಕೌಂಟರ್‌ನಲ್ಲಿ ‘ಇಲ್ಲ’ ಅಂದದ್ದನ್ನೂ ಬರೆದಿಟ್ಟೆವು

ನಾನು ಕಾರಿನ ಪಾರ್ಟ್ಸ್ (ಬಿಡಿಭಾಗ) ವಿಭಾಗ ವಹಿಸಿಕೊಂಡಾಗ ರ‍್ಯಾಕ್‌ಗಳಲ್ಲಿ ಕೈಯಿಡಲು ಜಾಗವಿರಲಿಲ್ಲ. ಆದರೂ ವರ್ಕ್‌ಶಾಪ್‌ನಿಂದ ಬಂದವರಿಗೆ ಸಿಗುತ್ತಿದ್ದ ಉತ್ತರ ಒಂದೇ: ‘ಸ್ಟಾಕ್ ಇಲ್ಲ, ತರಿಸಬೇಕು’. ಬೇಡದ್ದು ರಾಶಿ ರಾಶಿ, ಬೇಕಾದ್ದು ಖಾಲಿ. ಹೊಸ ಸಾಫ್ಟ್‌ವೇರ್ ಹಾಕಿದರೆ ಸರಿಹೋಗುತ್ತೆ ಅಂತ ಸುಮಾರು ಜನ ಹೇಳಿದರು. ನನಗೇನೋ ಹಾಗನ್ನಿಸಲಿಲ್ಲ. ಇದ್ದ ಸಾಫ್ಟ್‌ವೇರ್‌ಗೇ ನಾವು ಅರ್ಧ ಲೆಕ್ಕ ಕೊಡುತ್ತಿದ್ದೆವು.

ಕಂಪ್ಯೂಟರ್‌ಗೆ ಗೊತ್ತಾಗೋದು ಬಿಲ್ ಆದದ್ದು ಮಾತ್ರ. ಯಾರೋ ಬಂದು ಎಡಗಡೆಯ ಮಿರರ್ ಕೇಳುತ್ತಾರೆ, ಇಲ್ಲ ಅನ್ನುತ್ತೇವೆ, ಹೋಗುತ್ತಾರೆ. ಬಿಲ್ ಇಲ್ಲ, ಹಾಗಾಗಿ ಲೆಕ್ಕದಲ್ಲಿ ಆ ಮಿರರ್ ಯಾರಿಗೂ ಬೇಡ. ಮುಂದಿನ ಆರ್ಡರ್‌ನಲ್ಲೂ ಅದು ಬರೋದಿಲ್ಲ. ಮತ್ತೆ ಇನ್ನೊಬ್ಬರಿಗೆ ಇಲ್ಲ ಅನ್ನುತ್ತೇವೆ.

ಅದಕ್ಕೇ ಕೌಂಟರ್ ಮೇಲೆ ಒಂದು ನೋಟ್‌ಬುಕ್ ಇಟ್ಟೆವು. ಇಲ್ಲ ಅಂದ ಪ್ರತಿ ಪಾರ್ಟ್‌ನ ನಂಬರ್ ಬರೆಯಬೇಕು. ‘ಮಿರರ್’ ಅಂತ ಬರೆದರೆ ಸಾಲದು. ಯಾವ ಮಾಡೆಲ್, ಎಡವೋ ಬಲವೋ ತಿಳಿಯಬೇಕಲ್ವಾ? ಒಬ್ಬರೇ ಮೂರು ಸಲ ಫೋನ್ ಮಾಡಿದರೂ ಒಂದೇ ಬೇಡಿಕೆ. ಸುಮ್ನೆ ರೇಟ್ ಕೇಳಿದ್ದು ಲೆಕ್ಕಕ್ಕಿಲ್ಲ. ಅವಸರಕ್ಕೆ ಹೊರಗಿನ ಅಂಗಡಿಯಿಂದ ತಂದು ಹಾಕಿದ ಪಾರ್ಟ್ ಕೂಡ ಬರೆಯಬೇಕು. ಸಂಜೆ ಇದೆಲ್ಲ ಸಿಸ್ಟಮ್‌ಗೆ ಹೋಗುತ್ತಿತ್ತು.

ಪುಟಗಳು ತುಂಬಿದ ಹಾಗೆ ಗೊತ್ತಾದದ್ದು ನನಗೂ ಆಶ್ಚರ್ಯ. ಕೆಲಸ ನಿಲ್ಲಿಸುತ್ತಿದ್ದದ್ದು ದುಬಾರಿ ಪಾರ್ಟ್‌ಗಳಲ್ಲ. ಡೋರ್ ಟ್ರಿಮ್ ಕ್ಲಿಪ್, ಆಯಿಲ್ ಡ್ರೈನ್ ಪ್ಲಗ್‌ನ ವಾಷರ್, ಇಂಥವೇ. ಒಂದು ವಾಷರ್‌ಗಾಗಿ ಕಾರು ಲಿಫ್ಟ್ ಮೇಲೇ ನಿಂತರೆ ಆ ಜಾಗದಲ್ಲಿ ಬೇರೆ ಗಾಡಿಯ ಕೆಲಸವೂ ಇಲ್ಲ. ಇಂಥ ಸಣ್ಣವನ್ನು ಈಗ ಧಾರಾಳವಾಗಿ ಇಡುತ್ತೇವೆ. ಉಳಿದವಕ್ಕೆ ನಿಯಮ ಹೀಗಿದೆ: 6 ತಿಂಗಳಲ್ಲಿ 3 ಸಲ ಕೇಳಿ ಬಂದರೆ ಒಂದು ಇಡು, 12 ತಿಂಗಳು ಅಲುಗಾಡದಿದ್ದರೆ ಮತ್ತೆ ತರಿಸಬೇಡ. ನಿಮ್ಮ ವ್ಯಾಪಾರಕ್ಕೆ ಬೇರೆ ಅಂಕಿ ಹೊಂದಬಹುದು.

ಯಾವಾಗ ತರಿಸಬೇಕು ಅನ್ನೋದು ಸರಳ ಲೆಕ್ಕ. ಆಯಿಲ್ ಫಿಲ್ಟರ್ ದಿನಕ್ಕೆ 2 ಖರ್ಚಾಗುತ್ತೆ, ಮಾಲು ಬರಲು 5 ದಿನ ಬೇಕು ಅಂದುಕೊಳ್ಳಿ. 10 ಆಯಿತು. ಲಾರಿ ತಡವಾದರೆ ಅಂತ ಇನ್ನೊಂದು 4. ಸ್ಟಾಕ್ 14ಕ್ಕೆ ಇಳಿದ ದಿನವೇ ಆರ್ಡರ್.

ಆದರೆ 14 ಅಂತ ಪರದೆಯಲ್ಲಿದ್ದರೆ ರ‍್ಯಾಕ್‌ನಲ್ಲೂ ಅಷ್ಟೇ ಇರಬೇಕು. ವರ್ಷಕ್ಕೊಮ್ಮೆ ಬಾಗಿಲು ಹಾಕಿ ಎಣಿಸುವ ಪದ್ಧತಿ ಬಿಟ್ಟೆವು. ದಿನಾ ಬೆಳಿಗ್ಗೆ ಕೆಲವು ಬಿನ್ (ಪಾರ್ಟ್ ಇಡುವ ಖಾನೆ) ಮಾತ್ರ ಎಣಿಸುತ್ತೇವೆ. ಬೇಗ ಖರ್ಚಾಗುವವು ತಿಂಗಳಿಗೊಮ್ಮೆ, ಉಳಿದವು ವರ್ಷದೊಳಗೆ ಒಮ್ಮೆ. ಲೆಕ್ಕ ತಪ್ಪಿದರೆ ಅಂಕಿ ತಿದ್ದಿ ಮುಂದೆ ಹೋಗುವ ಹಾಗಿಲ್ಲ, ಕಾರಣ ಹುಡುಕಬೇಕು. ಒಮ್ಮೆ ಎರಡು ಫಿಲ್ಟರ್ ಕಡಿಮೆ ಬಂತು. ಒಂದು ಮೆಕ್ಯಾನಿಕ್‌ನ ಟ್ರಾಲಿಯ ಕೆಳಗಿನ ಡ್ರಾಯರ್‌ನಲ್ಲಿ ಸಿಕ್ಕಿತು. ಇನ್ನೊಂದನ್ನು ಗಾಡಿಗೆ ಹಾಕಿಯಾಗಿತ್ತು, ಆ ಗಾಡಿಯ ಕೆಲಸದ ವಿವರ ಬರೆಯುವ ಜಾಬ್ ಕಾರ್ಡ್‌ನಲ್ಲಿ ಮಾತ್ರ ಬರೆದಿರಲಿಲ್ಲ. ‘ಆಮೇಲೆ ಬರೀತೀನಿ ಸಾರ್’ ಅನ್ನೋ ಮಾತಿಗೆ ಅವತ್ತೇ ಕೊನೆ: ಜಾಬ್ ಕಾರ್ಡ್ ನಂಬರ್ ಇಲ್ಲದೆ ಕೌಂಟರ್‌ನಿಂದ ಏನೂ ಹೊರಗೆ ಹೋಗೋದಿಲ್ಲ.

ಎಣಿಸುವಾಗ ಇನ್ನೊಂದು ತಮಾಷೆ ಕಂಡಿತು. ಕಂಪನಿ ಪಾರ್ಟ್ ನಂಬರ್ ಬದಲಿಸಿದಾಗ ಹಳೇ ನಂಬರ್‌ನ ಬ್ರೇಕ್ ಪ್ಯಾಡ್ ಒಂದು ಬಿನ್‌ನಲ್ಲಿ, ಹೊಸ ನಂಬರ್‌ನದು ಮತ್ತೊಂದರಲ್ಲಿ. ವಸ್ತು ಒಂದೇ. ಹೊಸದು ಖರ್ಚಾಗುತ್ತಿತ್ತು, ಹಳೇದು ಧೂಳು ತಿನ್ನುತ್ತಿತ್ತು. ಈಗ ಎರಡನ್ನೂ ಒಂದೇ ಬಿನ್‌ಗೆ ಸೇರಿಸಿ ಹಳೇದನ್ನು ಮುಂದಿಡುತ್ತೇವೆ. ಬ್ಯಾಟರಿಗೂ ಇದೇ ಕ್ರಮ, ಯಾಕಂದ್ರೆ ಸುಮ್ನೆ ಕೂತರೂ ಅದರ ಚಾರ್ಜ್ ಇಳಿಯುತ್ತೆ. ಟೈರ್ ಆದರೆ ಅದರ ಪಕ್ಕದ ಮೈಮೇಲೆ DOT ಅಂತ ಶುರುವಾಗುವ ಕೋಡ್‌ನ ಕೊನೆಯ 4 ಅಂಕಿ ನೋಡಿ: 2324 ಅಂದರೆ 2024ರ 23ನೇ ವಾರ ತಯಾರಾದದ್ದು.

ಗ್ರಾಹಕರಿಗೆಂದೇ ತರಿಸಿದ ಪಾರ್ಟ್‌ಗಳದು ಬೇರೆ ತಲೆನೋವು. ತರಿಸಿದ ಮೇಲೆ ಅವರು ಬರೋದೇ ಇಲ್ಲ. ಈಗ ಅಡ್ವಾನ್ಸ್ ಇಲ್ಲದೆ ತರಿಸುವುದಿಲ್ಲ. ಡಬ್ಬದ ಮೇಲೆ ಹೆಸರು, ಬಂದ ತಾರೀಖು ಇರುತ್ತೆ. ಆರ್ಡರ್ ಹಾಕಿಸಿದ ಸರ್ವಿಸ್ ಅಡ್ವೈಸರ್‌ರೇ (ಗ್ರಾಹಕರ ಜೊತೆ ಮಾತಾಡಿ ಗಾಡಿ ಕೆಲಸಕ್ಕೆ ತೆಗೆದುಕೊಳ್ಳುವವರು) ಫೋನ್ ಮಾಡಿ ಕರೆಸಬೇಕು. ಸಪ್ಲೈಯರ್ ವಾಪಸ್ ತೆಗೆದುಕೊಳ್ಳುವ ಗಡುವು ಮುಗಿಯುವ ಮುಂಚೆ ಆ ಶೆಲ್ಫ್ ನೋಡಿ ಉಳಿದದ್ದನ್ನು ಕಳಿಸುತ್ತೇವೆ.

ಕಿಟ್ (ಒಟ್ಟಿಗೆ ಮಾರುವ ಪಾರ್ಟ್‌ಗಳ ಸೆಟ್) ಒಡೆಯೋದೊಂದು ಮಾತ್ರ ಇನ್ನೂ ಪೂರ್ತಿ ನಿಂತಿಲ್ಲ. ಬೆಲ್ಟ್ ಬಿಗಿಯಾಗಿಡುವ ಟೆನ್ಷನರ್ ಒಂದಕ್ಕಾಗಿ ಟೈಮಿಂಗ್ ಬೆಲ್ಟ್ ಕಿಟ್ ಬಿಚ್ಚಿದರೆ ಉಳಿದದ್ದನ್ನು ಕಿಟ್ ಅಂತ ಮಾರೋಕಾಗಲ್ಲ. ಬಿಚ್ಚಿಸಿದ ವಿಭಾಗದ ಖಾತೆಗೇ ಇಡೀ ಕಿಟ್‌ನ ಖರ್ಚು ಹಾಕೋಣ ಅಂತ ವರ್ಕ್‌ಶಾಪ್ ಮ್ಯಾನೇಜರ್ ಜೊತೆ ಮಾತಾಡಿದ್ದೇನೆ. ಅವರು ಇನ್ನೂ ಹೂಂ ಅಂದಿಲ್ಲ.